ಎದುರಾಳಿಯೂ ವೈರಿಯೂ

ವೈರಿ, ಹಗೆ, ಶತ್ರು ಎಂಬ ಮಾತುಗಳು ನಮ್ಮ ಭಾಷೆಯಲ್ಲಿವೆ. ಎದುರಾಳಿ ಎಂಬ ಮಾತೂ ಇದೆ. ಮೊದಲಿನ ಮೂರನ್ನು ಆಡುವಾಗ ನಾಲಿಗೆಗೆ ದ್ವೇಷದ ಕಾವು ತಾಗದೆ ಇರದು. ಎದುರಾಳಿ ಎಂಬಲ್ಲಿ ಆ ಕಾವಿಲ್ಲ. ಎದುರಿಗೆ ನಿಂತ ಆಳು ಎಂಬಷ್ಟೇ ಅದರ ಅರ್ಥ. ಭಾಷೆಯು ಹೀಗೆ ಬೇರ್ಪಡಿಸಿಟ್ಟ ಎರಡು ಭಾವಗಳನ್ನು ಬಾಳಿನಲ್ಲಿಯೂ ಬೇರೆಯಾಗಿ ಇಡುವುದು ಸಾಧ್ಯವೇ? ಒಬ್ಬನನ್ನು ಸರ್ವಶಕ್ತಿಯಿಂದ ಸೋಲಿಸಲು ಹೊರಟವನು ಅವನನ್ನು ದ್ವೇಷಿಸದೆ ಇರಬಲ್ಲನೇ? ಇದೇ ಈ ಲೇಖನದ ವಿಚಾರ.

ಇದು ಪಂಡಿತರಿಗೆ ಮಾತ್ರ ಬೇಕಾದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಉಮರ್ಗಾ, ನಿಲಂಗಾ, ಉದಗೀರ ಭಾಗಗಳಲ್ಲಿ ಕನ್ನಡ ಕಲಿಸುವ ನಮಗೂ ಕಲಿಯುವ ಮಕ್ಕಳಿಗೂ ಇದು ದಿನದಿನದ ಪ್ರಶ್ನೆ. ಪಂದ್ಯಾಟಗಳಲ್ಲಿ ನಮ್ಮ ಮಕ್ಕಳ ಎದುರು ನಿಲ್ಲುವವರು ಹೆಚ್ಚಾಗಿ ಮರಾಠಿ ಶಾಲೆಯ ಮಕ್ಕಳು. ಸಂತೆ ಒಂದೇ, ಜಾತ್ರೆ ಒಂದೇ, ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ಒಂದು, ಸೊಸೆಯ ಮಾತು ಇನ್ನೊಂದು. ಆದರೂ ಖೋಖೋ ಆಟದಲ್ಲಿ ಸೋತ ಸಿಟ್ಟು ಭಾಷೆಯ ಸಿಟ್ಟಾಗಿ ತಿರುಗುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಹಾಗೆ ತಿರುಗುವುದು ಮನುಷ್ಯಸ್ವಭಾವವೇ ಆಗಿದ್ದರೆ ನಾವು ಆಟವನ್ನೇ ಬಿಡಿಸಬೇಕು. ಅಲ್ಲವಾದರೆ ಎಲ್ಲಿ ತಪ್ಪಿತೆಂದು ನೋಡಬೇಕು.

ವಿಚಾರಕ್ಕೆ ಸುಲಭವಾದ ಉದಾಹರಣೆಯನ್ನು ಆರಿಸಿಕೊಂಡರೆ ಉತ್ತರವೂ ಸುಲಭವಾಗಿ, ಅದರಿಂದ ಪ್ರಯೋಜನವಿಲ್ಲದೆ ಹೋಗುತ್ತದೆ. ಚದುರಂಗದವನು ಎದುರಾಳಿಯನ್ನು ದ್ವೇಷಿಸುವುದಿಲ್ಲವೆಂದರೆ ಯಾರೂ ಬೆರಗಾಗರು. ಆದುದರಿಂದ ಎಲ್ಲಕ್ಕಿಂತ ಕಠಿಣವಾದುದನ್ನೇ ತೆಗೆದುಕೊಳ್ಳೋಣ. ಮನುಷ್ಯನು ಮನುಷ್ಯನ ಮುಖಕ್ಕೆ ಮುಷ್ಟಿಯಿಂದ ಹೊಡೆಯುವುದೇ ಆಟವಾಗಿರುವ ಮುಷ್ಟಿಯುದ್ಧವನ್ನು ನೋಡೋಣ.

ನಮ್ಮ ನೌಕಾದಳದಲ್ಲಿ ಡಿಂಕೋ ಸಿಂಗ್ ಎಂಬ ನಾವಿಕನಿದ್ದ. ಮಣಿಪುರದ ಇಂಫಾಲದ ಬಳಿಯ ಸೆಕ್ತಾ ಎಂಬ ಹಳ್ಳಿಯಲ್ಲಿ 1979ರಲ್ಲಿ ಹುಟ್ಟಿ, ಬಡತನದಿಂದಾಗಿ ಅನಾಥಾಲಯದಲ್ಲಿ ಬೆಳೆದವನು. ಮಣಿಪುರಕ್ಕೆ ಸಮುದ್ರವಿಲ್ಲ, ನಮ್ಮ ಉದಗೀರಕ್ಕೂ ಇಲ್ಲ. ನಸುಕಿನಲ್ಲಿ ಡಾಂಬರು ರಸ್ತೆಯ ಮೇಲೆ ಸೈನ್ಯದ ಭರ್ತಿಗೆಂದು ಓಡುವ ನಮ್ಮ ಹಳ್ಳಿಗಳ ತರುಣರಲ್ಲಿ ಎಷ್ಟೋ ಮಂದಿ ಸಮುದ್ರವನ್ನು ಚಿತ್ರದಲ್ಲಷ್ಟೇ ಕಂಡವರು. ಗುಡ್ಡಗಾಡಿನ ಹುಡುಗನೊಬ್ಬನು ನಾವಿಕನಾದುದನ್ನು ಅವರಿಗೆ ಹೇಳಿದರೆ ಕಿವಿಗೊಟ್ಟು ಕೇಳುತ್ತಾರೆ.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ಏಷ್ಯನ್ ಕ್ರೀಡಾಕೂಟ ನಡೆಯಿತು. ಭಾರತದ ತಂಡದಲ್ಲಿ ಡಿಂಕೋನ ಹೆಸರು ಮೊದಲಿಗೆ ಇರಲಿಲ್ಲ; ಕೊನೆಗೆ ಸೇರಿತು. ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಆತ 51 ಕಿಲೋ ತೂಕದ ವರ್ಗದಿಂದ 54 ಕಿಲೋ ವರ್ಗಕ್ಕೆ ಏರಿದ್ದ. ಮೂರು ಕಿಲೋ ಎಂದರೆ ಏನು ಮಹಾ ಎಂದು ಕೇಳುವವರು ಜೋಡಿ ಹಚ್ಚುವ ಹಿರಿಯ ಪೈಲವಾನರನ್ನು ಒಮ್ಮೆ ವಿಚಾರಿಸಬೇಕು. ಉಪಾಂತ್ಯದಲ್ಲಿ ಎದುರಾದವನು ಥಾಯ್ಲೆಂಡಿನ ಸೋಂಟಯಾ ವಾಂಗ್‌ಪ್ರೇಟ್ಸ್, ಆಗ ಜಗತ್ತಿನ ಮೊದಲ ಸಾಲಿನ ಮುಷ್ಟಿಮಲ್ಲರಲ್ಲಿ ಎಣಿಸಲ್ಪಟ್ಟವನು. ಊರು ಅವನದು, ಸುತ್ತ ಕೂತ ಜನವೂ ಅವನದು. ಡಿಂಕೋ ಅವನನ್ನು ಗೆದ್ದ. ಅಂತಿಮ ಪಂದ್ಯದಲ್ಲಿ ಉಜ್ಬೇಕಿಸ್ತಾನದ ತಿಮೂರ್ ತುಲ್ಯಾಕೋವ್. ನಾಲ್ಕು ಸುತ್ತುಗಳಾದ ಮೇಲೆ ತುಲ್ಯಾಕೋವ್ ಮುಂದುವರಿಯಲಾರದೆ ನಿಂತ. 1982ರಲ್ಲಿ ದಿಲ್ಲಿಯಲ್ಲಿ ಕೌರ್ ಸಿಂಗ್ ಗೆದ್ದ ಮೇಲೆ ಏಷ್ಯನ್ ಕೂಟದ ಮುಷ್ಟಿಯುದ್ಧದಲ್ಲಿ ಭಾರತಕ್ಕೆ ಚಿನ್ನ ಬಂದದ್ದು ಅಂದು, 16 ವರ್ಷಗಳ ತರುವಾಯ. ಡಿಂಕೋನಿಗೆ ಆಗ 19 ವಯಸ್ಸು.

ಈಗ ಪ್ರಶ್ನೆ ಕೇಳೋಣ. ಈ ನಾವಿಕನಿಗೆ ಥಾಯ್ಲೆಂಡಿನವನ ಮೇಲಾಗಲಿ ಉಜ್ಬೇಕಿಸ್ತಾನದವನ ಮೇಲಾಗಲಿ ಯಾವ ಹಗೆಯಿತ್ತು? ಅವರು ಅವನ ಹೊಲದ ಬದುವನ್ನು ಒತ್ತಿದವರಲ್ಲ, ಮನೆಯ ಮಾನಕ್ಕೆ ಕೈಹಾಕಿದವರಲ್ಲ. ಕಣಕ್ಕೆ ಇಳಿದವನು ಸಿಟ್ಟನ್ನು ಹುಟ್ಟಿಸಿಕೊಳ್ಳಲೇಬೇಕು, ಸಿಟ್ಟಿಲ್ಲದೆ ಹೊಡೆತಕ್ಕೆ ಬಲ ಬರದು ಎಂದು ಕೆಲವರು ಹೇಳುತ್ತಾರೆ. ಕುಸ್ತಿಯ ವಸ್ತಾದರು ಇದನ್ನು ಒಪ್ಪುವುದಿಲ್ಲವೆಂದು ನಾವು ಕೇಳಿ ಬಲ್ಲೆವು. ಸಿಟ್ಟು ಬಂದವನಿಗೆ ಎದುರಿಗಿರುವವನು ಕಾಣುವುದಿಲ್ಲ, ತನ್ನ ಸಿಟ್ಟೇ ಕಾಣುತ್ತದೆ. ಎಡಗಾಲು ಮೊದಲು ಸರಿಯುತ್ತದೆಯೋ ಬಲಗಾಲೋ, ಉಸಿರು ಎಲ್ಲಿ ಕಟ್ಟುತ್ತದೆ, ಕೈ ಯಾವಾಗ ಕೆಳಗಿಳಿಯುತ್ತದೆ ಎಂಬುದನ್ನು ಒಂದು ಕ್ಷಣವೂ ಬಿಡದೆ ನೋಡುವವನೇ ಗೆಲ್ಲುತ್ತಾನೆ. ಇದನ್ನು ಬೇರೆ ಬಗೆಯಲ್ಲಿ ಹೇಳುವುದಾದರೆ, ನಮ್ಮನ್ನು ಹೆತ್ತವರೂ ಗೆಳೆಯರೂ ನೋಡದಷ್ಟು ಎಚ್ಚರದಿಂದ ನಮ್ಮನ್ನು ನೋಡುವವನು ನಮ್ಮ ಎದುರಾಳಿ. ನಮ್ಮ ಬಲವನ್ನು ಅವನಷ್ಟು ಸರಿಯಾಗಿ ಬೆಲೆಕಟ್ಟುವವರಿಲ್ಲ. ತಪ್ಪಾಗಿ ಕಟ್ಟಿದರೆ ಆ ತಪ್ಪಿನ ದಂಡವನ್ನು ಅವನೇ ತನ್ನ ಮೈಮೇಲೆ ತೆರಬೇಕಲ್ಲ!

ತುಲ್ಯಾಕೋವ್ ನಿಂತುಬಿಟ್ಟದ್ದನ್ನು ಹೇಡಿತನವೆನ್ನಬಹುದೇ? ಹೊರಗೆ ಕೂತು ನೋಡುವವರಿಗೆ ಹಾಗೆನ್ನುವುದು ಸುಲಭ. ಏಟು ಅವರಿಗೆ ಬೀಳುವುದಿಲ್ಲ. ನಾಲ್ಕು ಸುತ್ತುಗಳವರೆಗೆ ಆತ ತನ್ನಲ್ಲಿದ್ದುದನ್ನೆಲ್ಲ ಕಣಕ್ಕೆ ಸುರಿದ. ಡಿಂಕೋನ ಕೊರಳಲ್ಲಿ ತೂಗಿದ ಪದಕಕ್ಕೆ ಘನತೆ ಬಂದದ್ದು ಆ ನಾಲ್ಕು ಸುತ್ತುಗಳಿಂದ. ಎದುರಾಳಿಯನ್ನು ಹೀಗಳೆದರೆ ಗೆದ್ದವನ ಗೆಲುವೂ ಅಷ್ಟರ ಮಟ್ಟಿಗೆ ಕಿರಿದಾಗುತ್ತದೆ. ಇಷ್ಟು ಲೆಕ್ಕವನ್ನು ನಮ್ಮ ನಾಲ್ಕನೆಯ ಇಯತ್ತೆಯ ಮಕ್ಕಳೂ ಮಾಡಬಲ್ಲರು.

ಎದುರಾಳಿಯೇ ಇಲ್ಲದೆ ಗೆದ್ದರೆ ಹೇಗಿರುತ್ತದೆ? ಅದಕ್ಕೂ ಒಬ್ಬ ನಾವಿಕನ ಉದಾಹರಣೆಯೇ ಸಿಗುತ್ತದೆ. ಸುರಂಜಯ್ ಸಿಂಗ್ ಕೂಡ ಮಣಿಪುರದವನು, ಅದೇ ನೌಕಾದಳದವನು. 2009ರಲ್ಲಿ ಚೀನದಲ್ಲಿ ನಡೆದ ಏಷ್ಯನ್ ಸ್ಪರ್ಧೆಯಲ್ಲಿ ಚಿನ್ನ ಗೆದ್ದವನು. 2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 52 ಕಿಲೋ ವರ್ಗದ ಅಂತಿಮ ಪಂದ್ಯಕ್ಕೆ ಬಂದ. ಎದುರು ನಿಲ್ಲಬೇಕಾಗಿದ್ದವನು ಕೀನ್ಯಾ ದೇಶದ ಬೆನ್ಸನ್ ಗಿಚಾರು. ಆತ ಗಾಯಗೊಂಡು ಹಿಂದೆ ಸರಿದ. ಸುರಂಜಯ್ ಹೊಡೆದಾಡದೆಯೇ ಚಿನ್ನ ಪಡೆದ. ಪದಕ ನ್ಯಾಯವಾದದ್ದೇ, ಹಿಂದಿನ ಸುತ್ತುಗಳಲ್ಲಿ ಗೆದ್ದೇ ಅಲ್ಲಿಗೆ ಬಂದಿದ್ದ. ಆದರೂ ನೋಡಲು ಬಂದ ಜನಕ್ಕೆ ಏನೋ ಕಡಮೆಯಾಯಿತು. ಏನದು? ಚಿನ್ನವಿತ್ತು, ರಾಷ್ಟ್ರಗೀತೆಯಿತ್ತು, ಗೆದ್ದವನಿದ್ದ. ಇಲ್ಲದಿದ್ದವನು ಎದುರಾಳಿಯೊಬ್ಬನೇ. ವೈರಿಯು ಬಾರದೆ ಹೋದರೆ ನಮಗೆ ನೆಮ್ಮದಿ. ಎದುರಾಳಿ ಬಾರದೆ ಹೋದರೆ ಬಯಲು ಬರಿದು. ವೈರಿಯಿಂದ ಎದುರಾಳಿಯನ್ನು ಬೇರ್ಪಡಿಸುವ ಗುರುತು ಇಲ್ಲಿದೆಯೆಂದು ನಮಗೆ ತೋರುತ್ತದೆ. ವೈರಿ ಇಲ್ಲವಾಗಲಿ ಎಂದು ನಾವು ಬಯಸುತ್ತೇವೆ. ಎದುರಾಳಿಯು ನಾಳೆಯೂ ಇರಲಿ, ಮೈಯಲ್ಲಿ ಕಸುವಿಟ್ಟುಕೊಂಡೇ ಇರಲಿ ಎಂದು ಬಯಸುತ್ತೇವೆ.

ನಮ್ಮ ಹಳೆಯ ಕವಿಗಳಿಗೆ ಈ ವಿಚಾರ ಹೊಸದಲ್ಲ. ಉಮರ್ಗಾದಿಂದಲೂ ನಿಲಂಗಾದಿಂದಲೂ ಹೆಚ್ಚು ದೂರವಿಲ್ಲದ ಕಲ್ಯಾಣವು ಮುಂದೆ ಯಾವ ಚಾಲುಕ್ಯರ ರಾಜಧಾನಿಯಾಯಿತೋ ಅದೇ ಮನೆತನದ ಸತ್ಯಾಶ್ರಯನ ಆಶ್ರಯದಲ್ಲಿ ರನ್ನನು ಗದಾಯುದ್ಧವನ್ನು ಬರೆದ. ಅದೇ ಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲರ ಆಹಾರ, ಸಾಧನೆ, ಕಾಳಗಗಳಿಗೆಂದೇ ಮಲ್ಲವಿನೋದವೆಂಬ ಭಾಗವನ್ನಿಟ್ಟ. ಮಲ್ಲಯುದ್ಧವನ್ನು ವಿನೋದವೆಂದು ಕರೆದದ್ದನ್ನು ಗಮನಿಸಬೇಕು. ಯುದ್ಧದ ಪ್ರಕರಣದಲ್ಲಿ ಸೇರಿಸಲಿಲ್ಲ.

ಗದಾಯುದ್ಧದ ಕಥೆಯನ್ನು ಎಲ್ಲರೂ ಬಲ್ಲರು. ಭೀಮ ದುರ್ಯೋಧನರಿಬ್ಬರೂ ಗದೆಯ ವಿದ್ಯೆಯಲ್ಲಿ ಬಲರಾಮನ ಶಿಷ್ಯರು. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬುದು ಆ ವಿದ್ಯೆಯ ಕಟ್ಟಳೆ. ಇಂದಿನ ಮುಷ್ಟಿಯುದ್ಧದಲ್ಲಿಯೂ ನಡುಪಟ್ಟಿಯಿಂದ ಕೆಳಗೆ ಹೊಡೆತ ಸಲ್ಲದು. ಸಾವಿರಾರು ವರ್ಷಗಳ ಅಂತರದಲ್ಲಿ, ಬೇರೆ ಬೇರೆ ದೇಶಗಳಲ್ಲಿ ಮನುಷ್ಯರು ಒಂದೇ ಗೆರೆಯನ್ನು ಎಳೆದಿದ್ದಾರೆಂಬುದು ಸೋಜಿಗ. ಭೀಮನು ಆ ಗೆರೆಯನ್ನು ದಾಟಿ ತೊಡೆಗೆ ಹೊಡೆದ. ಬಲರಾಮನು ಸಿಟ್ಟಿನಿಂದ ನೇಗಿಲನ್ನೆತ್ತಿದ. ಭೀಮನ ಪರವಾಗಿ ಹೇಳಬೇಕಾದ ಮಾತು ಬಹಳವಿದೆ. ತುಂಬಿದ ಸಭೆಯಲ್ಲಿ ದ್ರೌಪದಿಗಾದ ಅಪಮಾನವನ್ನು ನೆನೆದರೆ ಯಾರಿಗೆ ತಾನೆ ರಕ್ತ ಕುದಿಯದು? ನಾವು ಭೀಮನನ್ನು ನಿಂದಿಸುವವರಲ್ಲ. ಆದರೆ ಅಲ್ಲಿ ಏನಾಯಿತೆಂಬುದನ್ನು ನೋಡಬೇಕು. ಭೀಮನಿಗೆ ದುರ್ಯೋಧನನು ಎದುರಾಳಿಯಾಗಿರಲಿಲ್ಲ, ವೈರಿಯಾಗಿದ್ದ. ವೈರವು ಆಟದ ಉಡುಪನ್ನು ತೊಟ್ಟು ಕಣಕ್ಕೆ ಬಂದಾಗ ಆ ಉಡುಪು ಎಲ್ಲೋ ಒಂದು ಕಡೆ ಹರಿಯಲೇಬೇಕು. ಅಂದು ಅದು ತೊಡೆಯ ಬಳಿ ಹರಿಯಿತು. ಕಟ್ಟಳೆಯೆಂಬುದು ಎದುರಾಳಿಗೆ ನಾವು ಕೊಟ್ಟ ಭಾಷೆ. ಹಗೆಗೆ ಭಾಷೆ ಕೊಡುವವರಿಲ್ಲ, ಕೊಟ್ಟರೂ ಉಳಿಸುವವರು ವಿರಳ.

ಪಂಪನ ಆದಿಪುರಾಣದಲ್ಲಿ ಇದರ ಇನ್ನೊಂದು ಮುಖವಿದೆ. ಭರತ ಬಾಹುಬಲಿಗಳು ಸೈನ್ಯಗಳನ್ನು ಬದಿಗಿರಿಸಿ ದೃಷ್ಟಿಯಲ್ಲಿ, ಜಲದಲ್ಲಿ, ಮಲ್ಲಯುದ್ಧದಲ್ಲಿ ಸೆಣಸುತ್ತಾರೆ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದ ಬಾಹುಬಲಿಯು ಅವನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸುತ್ತಾನೆ. ಎತ್ತುವ ತೋಳಿಗಿಂತ ಇಳಿಸುವ ತೋಳಿಗೆ ಹೆಚ್ಚು ಬಲ ಬೇಕು; ನೀರು ತುಂಬಿದ ಕೊಡವನ್ನು ಹೊತ್ತವರಿಗೆ ಇದು ಗೊತ್ತು.

ಇಲ್ಲಿಯವರೆಗೆ ಹೇಳಿದ್ದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಅದನ್ನು ಮರೆಮಾಚಿ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸುವುದು ಗುರಿ. ನೋವು ಆದರೆ ಅದು ನಡುವೆ ಆದದ್ದು. ಮುಷ್ಟಿಯುದ್ಧದಲ್ಲಿ ಹೊಡೆತವೇ ಸಾಧನ. ದ್ವೇಷವಿಲ್ಲದೆ ಹೊಡೆದೆನೆಂದರೆ ಒಡೆದ ಹುಬ್ಬಿನಿಂದ ರಕ್ತ ಕಡಮೆ ಹರಿಯುವುದೇ? 1982ರ ನವೆಂಬರಿನಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ದಕ್ಷಿಣ ಕೊರಿಯದ ಕಿಮ್ ದುಕ್ ಕೂ ಎಂಬವನು ರೇ ಮ್ಯಾನ್ಸಿನಿಯ ಎದುರು 14ನೆಯ ಸುತ್ತಿನಲ್ಲಿ ಬಿದ್ದವನು ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಮ್ಯಾನ್ಸಿನಿ ಕಟ್ಟಳೆಯೊಂದನ್ನೂ ಮುರಿದಿರಲಿಲ್ಲ. ಆತ ಕೊರಿಯಕ್ಕೆ ಹೋಗಿ ಶವಸಂಸ್ಕಾರದಲ್ಲಿ ನಿಂತ. ಆ ಸಾವಿನ ತರುವಾಯ ದೊಡ್ಡ ಪಂದ್ಯಗಳ ಸುತ್ತುಗಳನ್ನು 15ರಿಂದ 12ಕ್ಕೆ ಇಳಿಸಲಾಯಿತು.

ಈ ಆಕ್ಷೇಪಕ್ಕೆ ಪೂರ್ತಿಯಾದ ಸಮಾಧಾನವನ್ನು ಹೇಳಲು ನಮ್ಮಿಂದಾಗದು. ಪ್ರಾಥಮಿಕ ಶಾಲೆಯ ಮಗುವಿನ ಕೈಗೆ ಮುಷ್ಟಿಯುದ್ಧದ ಗವಸನ್ನು ಹಾಕಲು ನಾವು ಒಪ್ಪುವವರಲ್ಲ. ತಲೆಗೆ ಬೀಳುವ ಏಟನ್ನು ಆಟವೆಂದು ಕಲಿಸುವ ವಯಸ್ಸು ಅದಲ್ಲ. ಆದರೂ ಒಂದು ಮಾತನ್ನು ಹೇಳಲೇಬೇಕು. ಎಷ್ಟೇ ಏಟು ಬಿದ್ದರೂ ಬಿಡದವನೇ ವೀರನೆಂದು ಹೊಗಳುವ ನಾಲಿಗೆಗಳು ಕಣದ ಹೊರಗಿವೆ. ತುಲ್ಯಾಕೋವ್ ನಾಲ್ಕನೆಯ ಸುತ್ತಿಗೆ ನಿಂತ. ಮುಂದೆಯೂ ಬದುಕಿ ಮನೆಗೆ ಹೋದ. ವೈರಿಗಳ ನಡುವೆ ಸಾಕು ಎಂಬ ಮಾತಿಗೆ ಬೆಲೆಯಿಲ್ಲ. ಎದುರಾಳಿಗಳ ನಡುವೆ ಆ ಮಾತನ್ನು ಒಬ್ಬ ಆಡಿದೊಡನೆ ಇನ್ನೊಬ್ಬನ ಕೈ ಕೆಳಗಿಳಿಯಲೇಬೇಕು. ಅದು ಇಳಿಯುವುದೆಂಬ ನಂಬಿಕೆಯಿಂದಲೇ ಇಬ್ಬರೂ ಹಗ್ಗದೊಳಗೆ ಕಾಲಿಡುತ್ತಾರೆ.

ತೀರ್ಪುಗಾರರು ತಪ್ಪಿದಾಗಲೂ ಇಬ್ಬರ ನಡುವಿನ ಈ ನಂಟು ಉಳಿಯುತ್ತದೆಯೇ ಎಂಬುದಕ್ಕೆ ಇತ್ತೀಚಿನ ಒಂದು ಪ್ರಸಂಗವಿದೆ. 1988ರಲ್ಲಿ ಕೊರಿಯದ ಸಿಯೋಲ್‌ನಲ್ಲಿ ಒಲಿಂಪಿಕ್ ಕೂಟ. 71 ಕಿಲೋ ವರ್ಗದ ಅಂತಿಮ ಪಂದ್ಯದಲ್ಲಿ ಅಮೆರಿಕದ ರಾಯ್ ಜೋನ್ಸ್‌ನ ಎದುರು ಅದೇ ಊರಿನ ಜನದ ನಡುವೆ ಕೊರಿಯದ ಪಾರ್ಕ್ ಸಿ ಹುನ್. ಲೆಕ್ಕವಿಟ್ಟವರ ಪ್ರಕಾರ ಜೋನ್ಸ್ ತಾಗಿಸಿದ ಏಟುಗಳು 86, ಪಾರ್ಕ್ ತಾಗಿಸಿದವು 32. ತೀರ್ಪು ಮಾತ್ರ 3ಕ್ಕೆ 2ರಂತೆ ಪಾರ್ಕ್‌ನ ಕಡೆಗೆ ಬಂತು. ಪಾರ್ಕ್ ಅಲ್ಲಿಯೇ ಜೋನ್ಸ್‌ನನ್ನು ಮೇಲಕ್ಕೆತ್ತಿ ಹಿಡಿದ. ಆ ಗಲಭೆಯ ಫಲವಾಗಿ ಮುಂದಿನ ಒಲಿಂಪಿಕ್ ಹೊತ್ತಿಗೆ ಏಟುಗಳನ್ನು ಯಂತ್ರದ ಗುಂಡಿಯೊತ್ತಿ ಎಣಿಸುವ ಕ್ರಮ ಬಂತು; ಡಿಂಕೋ ಗೆದ್ದದ್ದು ಆ ಹೊಸ ಕ್ರಮದಲ್ಲಿ. ಪಾರ್ಕ್‌ನ ಮನೆಯಲ್ಲಿ ಪದಕವಿತ್ತು, ಮನಸ್ಸಿನಲ್ಲಿ ಸುಖವಿರಲಿಲ್ಲ. 35 ವರ್ಷಗಳಾದ ಮೇಲೆ, 2023ರಲ್ಲಿ, ಆತ ಕಡಲು ದಾಟಿ ಅಮೆರಿಕದ ಪೆನ್ಸಕೋಲಾ ಊರಿನಲ್ಲಿರುವ ಜೋನ್ಸ್‌ನ ಬಳಿಗೆ ಹೋಗಿ ಆ ಚಿನ್ನದ ಪದಕವನ್ನು ಅವನ ಕೈಗಿತ್ತ.

ಯಾರು ಹೇಳಿ ಕಳುಹಿಸಿದರು? ಯಾವ ಸಂಸ್ಥೆಯೂ ತೀರ್ಪನ್ನು ತಿದ್ದಿರಲಿಲ್ಲ. ಕಾಗದದಲ್ಲಿ ಗೆದ್ದವನು ಪಾರ್ಕ್‌ನೇ. ಆದರೆ ಅಂದು ಹಗ್ಗದೊಳಗೆ ನಡೆದದ್ದರ ನಿಜ ಇಬ್ಬರಿಗೆ ಗೊತ್ತಿತ್ತು. ಇಬ್ಬರಲ್ಲಿ ಒಬ್ಬನು ಆ ನಿಜವನ್ನು ಮನೆಯಲ್ಲಿ ಇಟ್ಟುಕೊಳ್ಳಲಾರದೆ ಹೋದ. ವೈರಿಯಾಗಿದ್ದರೆ ಇಟ್ಟುಕೊಳ್ಳುತ್ತಿದ್ದ, ವೈರಿಯಿಂದ ಹೇಗೆ ಕಸಿದರೂ ಲಾಭವೆಂದೇ ಲೆಕ್ಕ.

ನಮ್ಮ ಸೀಮೆಗೆ ಬರೋಣ. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದಿಂದ ಹೊರಟ ಹರಿಶ್ಚಂದ್ರ ಬಿರಾಜದಾರರು 1970ರಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಕೂಟದಲ್ಲಿ ಕುಸ್ತಿಯ ಚಿನ್ನ ಗೆದ್ದರು. ಮುಂದೆ ಪುಣೆಯ ಗೋಕುಳ ವಸ್ತಾದ ತಾಲೀಮಿನಲ್ಲಿ ಎಷ್ಟೋ ತರುಣರನ್ನು ತಯಾರು ಮಾಡಿ 2011ರಲ್ಲಿ ತೀರಿಕೊಂಡರು. ಅವರ ಅಡ್ಡಹೆಸರು ಗಡಿಯ ಎರಡೂ ಬದಿಯ ಕಿವಿಗಳಿಗೆ ಪರಿಚಿತವಾದದ್ದು. ಇವರು ನಮ್ಮವರು, ಅವರು ನಿಮ್ಮವರು ಎಂಬ ತಕರಾರಿಗೆ ಅಖಾಡದ ಮಣ್ಣು ಅಷ್ಟು ಯೋಗ್ಯವಾದ ಜಾಗವಲ್ಲ. ಜಾತ್ರೆಯ ಕುಸ್ತಿಯನ್ನು ನೋಡಿದವರೆಲ್ಲ ಒಂದನ್ನು ಕಂಡಿರುತ್ತಾರೆ. ಹಿಡಿತಕ್ಕೆ ಬೀಳುವ ಮೊದಲು ಇಬ್ಬರೂ ಕೈಕೂಡಿಸುತ್ತಾರೆ. ಬಗ್ಗಿ ಮಣ್ಣನ್ನು ಹಿಡಿದು ಒಬ್ಬನು ಇನ್ನೊಬ್ಬನ ಮೈಗೆ ಹಾಕುತ್ತಾನೆ. ಬೆವರಿದ ಮೈ ಜಾರಬಾರದು, ಹಿಡಿತ ಸಿಗಬೇಕು ಎಂಬುದು ಅದರ ಉಪಯೋಗ. ಆ ಮಣ್ಣು ಇಬ್ಬರಿಗೂ ಒಂದೇ. ಒಬ್ಬನು ಹಳ್ಳಿಯಲ್ಲಿ ಕನ್ನಡ ಮಾತಾಡಿ ಬಂದವನು, ಇನ್ನೊಬ್ಬನು ಮರಾಠಿ ಮಾತಾಡಿ ಬಂದವನು. ಪಟ್ಟುಗಳ ಹೆಸರನ್ನು ಮಾತ್ರ ಇಬ್ಬರೂ ಒಂದೇ ಬಗೆಯಲ್ಲಿ ಕೂಗುತ್ತಾರೆ.

ಇಷ್ಟನ್ನು ಮಕ್ಕಳಿಗೆ ಉಪದೇಶ ಮಾಡಿದರೆ ಕೇಳಿ ಮರೆಯುತ್ತಾರೆ. ನಮ್ಮ ತರಗತಿಯಲ್ಲಿ ಒಂದು ರೂಢಿಯನ್ನು ಇಟ್ಟುಕೊಂಡಿದ್ದೇವೆ. ಸಹೋದ್ಯೋಗಿಗಳು ಬೇಕಾದರೆ ಪರೀಕ್ಷಿಸಿ ನೋಡಬಹುದು. ಪಂದ್ಯ ಮುಗಿದ ಮರುದಿನ, ಗೆದ್ದಿರಲಿ ಸೋತಿರಲಿ, ಪ್ರತಿ ಮಗುವೂ ಎದುರು ಪಕ್ಷದಲ್ಲಿ ಒಬ್ಬರು ಚೆನ್ನಾಗಿ ಮಾಡಿದ ಒಂದು ಕೆಲಸವನ್ನು ಎದ್ದು ನಿಂತು ಹೇಳಬೇಕು. ಮೊದಮೊದಲು ಹುಡುಗರು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಅಂಪೈರು ಅವರ ಕಡೆಯವನು ಎಂಬುದರ ಹೊರತು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಕಣ್ಣು ಹೊರಳಿತು. ಈ ವರ್ಷ ಖೋಖೋದಲ್ಲಿ ಸೋತು ಬಂದ ಮರುದಿನ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಕೇಳುವ ಮೊದಲೇ ಎದ್ದು, "ಆಕಿ ಕಂಬದ ಹತ್ರ ಒಮ್ಮೆಲೇ ತಿರುಗತಾಳ್ರಿ ಗುರೂಜಿ, ನನ್ನ ಕೈಗೆ ಸಿಗಲೇ ಇಲ್ಲ. ನಾನೂ ಹಂಗ ತಿರುಗೂದು ಕಲೀಬೇಕ್ರಿ" ಎಂದಳು. ಆ ಹುಡುಗಿಯ ಹೆಸರೇನೆಂದು ಕೇಳಿದೆವು. ಇವಳಿಗೆ ಗೊತ್ತಿರಲಿಲ್ಲ. ಮುಂದಿನ ಸಂತೆಯ ದಿನ ಕೇಳಿಕೊಂಡು ಬಂದಳು.